ಫ್ಲೆಕ್ಸ್ ಮೇಲೆ ನನ್ನ ಮುಖ ಯಾಕೆ?

"ಕನಕರಾಜ ಅನ್ನೋರು ಯಾರ್ರೀ ಇಲ್ಲಿ?"

ಮಾನ್ವಿಯ ಫ್ಲೆಕ್ಸ್ ಅಂಗಡಿಯ ಕೌಂಟರ್ ಮೇಲೆ ಸುತ್ತಿದ ಫ್ಲೆಕ್ಸೊಂದು ದೊಪ್ಪನೆ ಬಿತ್ತು. ದೇವದುರ್ಗದಿಂದ ಬಸ್ಸಿನಲ್ಲಿ ನಿಂತೇ ಬಂದ ಲಲಿತಾಳ ಮೈಯೆಲ್ಲ ಉರಿಯುತ್ತಿತ್ತು.

"ನಾನ ರೀ... ನೀವು ಲಲಿತಾ ಅಲ್ಲೇನ್ರಿ?" ಅವನ ಮುಖ ಅರಳಿತು.

ನಗ್ತಾನೆ ಬೇರೆ! ಅವಳ ಸಿಟ್ಟು ನೆತ್ತಿಗೇರಿತು.

ಇಬ್ಬರೂ ಮುಖಾಮುಖಿಯಾದದ್ದು ಇದೇ ಮೊದಲು. ಯಾರು ಬೇಕಾದರೂ ತಿದ್ದಿ ಬಳಸಬಹುದಾದ ಇಂಟರ್ನೆಟ್ಟಿನ ಮುಕ್ತ ನಕ್ಷೆಯಲ್ಲಿ ಅವಳು ತನ್ನ ಓಣಿಯ ನಳ, ಸಂದಿಗೊಂದಿ ಗುರುತಿಸುತ್ತಿದ್ದಳು. ಅವನು ಮಾನ್ವಿಯಲ್ಲಿ ಕೂತು ಗೆರೆ ಸರಿಮಾಡಿಕೊಡುತ್ತಿದ್ದ. ಪರಿಚಯ, ಸಲಿಗೆ ಎಲ್ಲ ಮೆಸೇಜಿನಲ್ಲೇ. ನಿನ್ನೆ ಆ ಪುಣ್ಯಾತ್ಮ ನಕ್ಷೆಯನ್ನು ಫ್ಲೆಕ್ಸ್ ಮಾಡಿ ಅವಳ ಓಣಿಯಲ್ಲೇ ಕಟ್ಟಿಸಿದ್ದ! ಮೂಲೆಯಲ್ಲಿ, ಹುಟ್ಟುಹಬ್ಬದ ಲೀಡರಿನ ಹಾಗೆ, ಅವಳ ಪ್ರೊಫೈಲ್ ಫೋಟೊ. ಕೆಳಗೆ, "ನಕ್ಷೆ: ಲಲಿತಾ. ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ."

"ಯಾರ್ ಬೇಕಾದ್ರೂ ಬಳಸಬಹುದು ಅಂತ ನೀವ ಹೇಳಿದ್ರಲ್ರೀ..."

"ಬಳಸ್ರಿ! ಆದ್ರ ಮಾಡಿದವರೆಲ್ಲರನ್ನ ನೆನೀಬೇಕು, ನಂದೊಬ್ಬಾಕಿದು ಅನ್ನಬಾರ್ದು. ಆ ನಕ್ಷಿಗೆ ಇರೋ ಷರತ್ತ ಅದು! ಯಮನಮ್ಮ ಅತ್ತಿ, ದಾವಲ್ ಬೀ ಖಾಲಾ ಬಿಸಿಲಾಗ ತಿರುಗಿ ನಳ ತೋರಿಸ್ಯಾರ. ಈಗ 'ನಮ್ಮ ಕೆಲಸ ನುಂಗಿ ಮೆರಿಯಾಕತ್ತಾಳ' ಅಂತಾರ. ಉಳಿದ ಅರ್ಧ ಓಣಿ ಗುರ್ತು ಮಾಡಾಕ ಯಾರೂ ಬರವಲ್ಲರು... ನನ್ನ ಮಾರಿ ನೋಡವಲ್ಲರು!"

ಅವಳ ಕಣ್ಣು ತುಂಬಿಬಂತು. ಅಳಬಾರದು... ಇವನ ಮುಂದೆ ಅಳಲೇಬಾರದು!

"ಅಂಗಡ್ಯಾಗ ಎಲ್ಲಾದಕ್ಕೂ ಆ ಸಾಲು ಹಾಕ್ತೀವ್ರಿ. ನಿಮ್ದು ಯಾರೂ ಕದೀಬಾರ್ದು ಅಂತ..."

"ಮತ್ತ ಫೋಟೊ?"

ಕನಕರಾಜ ತಲೆ ತಗ್ಗಿಸಿದ.

"ಬಾಯಿಲ್ಲೇನು? ನಡೀರಿ, ಅವರ ಮುಂದ ಹೇಳ್ರಿ!"

ಅವನು ಶಟರ್ ಎಳೆದು ಹೊರಟೇಬಿಟ್ಟ. ದೇವದುರ್ಗದಲ್ಲಿ ಬಸ್ಸಿಳಿದವಳೇ ಅವಳು ಅವನನ್ನು ನೇರ ತನ್ನ ಓಣಿಗೆ ಕರೆದೊಯ್ದಳು.

ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರಿಗೆ ಅವನು ಕೈ ಮುಗಿದ. "ತಪ್ಪು ನಂದು, ಯವ್ವಾ. ಇದು ಆಕಿಗೆ ಗೊತ್ತ ಇದ್ದಿಲ್ಲ. ಓಣ್ಯಾರೆಲ್ಲಾ ಕೂಡಿ ಮಾಡಿದ ನಕ್ಷಿ, ಯಾರಾದ್ರೂ ಬಳಸ್ರಿ ಅಂತ ಹೊಸಾದು ಬರೀತೀನಿ."

"ಹಂಗಾದ್ರ ಇಕಿ ಫೋಟೊ ಯಾಕ ಹಾಕಿದಿ?" ದಾವಲ್ ಬೀ ಬಿಡಲಿಲ್ಲ.

"ಆಕಿ ಅಂದ್ರ... ನನಗ ಜೀವ, ಖಾಲಾ. ಊರೆಲ್ಲಾ ಆಕಿನ್ನ ನೋಡ್ಲಿ ಅನಿಸ್ತು."

ಹೆಂಗಸರು ಗೊಳ್ಳೆಂದು ನಕ್ಕರು. ಯಮನಮ್ಮ ಕೊಡ ಇಳಿಸಿ ಲಲಿತಾಳ ಕೆನ್ನೆ ಹಿಂಡಿದಳು. "ಉಳಿದ ಓಣಿಗೆ ನಾಳಿ ಬರ್ತೀವಿ ಬಿಡವ್ವಾ."

ಲಲಿತಾಳ ಎದೆ ಹಗುರಾಯಿತು. ಆದರೂ ಅವನತ್ತ ತಿರುಗಿದಾಗ ಮೂಗಿನ ತುದಿ ಕೆಂಪಗೇ ಇತ್ತು.

"ಊರಿಗೆಲ್ಲಾ ಹೇಳಿದ್ರಿ... ನನಗ ಹೇಳಿದ್ರೇನು?"

"ಲಲಿತಾ... ನೀವಂದ್ರ ನನಗ ಜೀವ ರೀ!"

"ಮೆಲ್ಲಕ ಹೇಳೋ," ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, "ಎಲ್ಲಾರೂ ಕೇಳಾಕತ್ತಾರ."