ಎರಡನೇ ಕಂಪಾರ್ಟ್‌ಮೆಂಟಿನ ಪೆಟ್ರೋಲ್

ಸಬ್ ಇನ್‌ಸ್ಪೆಕ್ಟರ್ ಪದ್ಮಶ್ರೀ ಅಡುಗೆಮನೆಯ ನೆಲದ ಮೇಲೆ ಕೂತು, ನೆನೆಹಾಕಿದ್ದ ಅವರೆಕಾಳು ಹಿತುಕುತ್ತಿದ್ದರು. ಬೋಗುಣಿ ಅರ್ಧ ತುಂಬಿತ್ತು. ಅಷ್ಟರಲ್ಲಿ ಠಾಣೆಯಿಂದ ಫೋನ್ ಬಂತು. ಅಮೃತಹಳ್ಳಿ ಕಡೆಯ ಪೆಟ್ರೋಲ್ ಬಂಕಿನ ಮಾಲೀಕರು ಬಂದು ಕೂತಿದ್ದಾರೆ, ಕಾಫಿ ತರಿಸಿದರೂ ಮುಟ್ಟುತ್ತಿಲ್ಲ ಎಂದು ಹೆಡ್ ಕಾನ್‌ಸ್ಟೆಬಲ್ ಗೋಪಾಲಮ್ಮ ಹೇಳಿದರು. ಪದ್ಮಶ್ರೀ ಮಿಕ್ಕ ಕಾಳನ್ನು ಅತ್ತೆಗೆ ಒಪ್ಪಿಸಿ, ಕೈ ತೊಳೆದು ಹೊರಟರು. ಅಂದು ಶನಿವಾರ.

ಮಾಲೀಕ ಅನಂತರಾಜು ಹಳೇ ಊರಿನವರು. ಅಪ್ಪನ ಕಾಲದ ರಾಗಿ ಹೊಲದಲ್ಲೇ ಅವರ ಬಂಕ್ ಎದ್ದಿತ್ತು. ಅಲ್ಲಿ ಎರಡು ಬಗೆಯ ಪೆಟ್ರೋಲ್ ಮಾರುತ್ತಿದ್ದರು. ಒಂದು ಸಾದಾ. ಇನ್ನೊಂದು ಕಂಪನಿ ಬೇರೆ ಹೆಸರಿಟ್ಟು, ಸ್ವಲ್ಪ ಹೆಚ್ಚಿನ ಬೆಲೆಗೆ ಮಾರಿಸುವ ಬ್ರಾಂಡೆಡ್. ಮಂಗಳವಾರ ಎರಡೂ ಒಂದೇ ಟ್ಯಾಂಕರಿನಲ್ಲಿ ಬಂದಿದ್ದವು. ಮರುದಿನ ಕಂಪನಿಯವರು ತಪಾಸಣೆಗೆ ಬಂದು ಮಾದರಿ ಒಯ್ದರು. ಬ್ರಾಂಡೆಡ್ ಟ್ಯಾಂಕಿನಲ್ಲಿ ಇರುವುದು ಬರೀ ಸಾದಾ ಪೆಟ್ರೋಲ್ ಎಂದು ಶುಕ್ರವಾರ ವರದಿ ಬಂತು.

"ಯಾರ ಮೇಲೆ ಅನುಮಾನ?"

"ಮಲ್ಕಾ ಅಂತ. ಲೋಡ್ ಇಳಿಸೋವಾಗ ನಿಂತು ನೋಡ್ಕೊಳ್ಳೋದು ಅವಳ ಕೆಲಸ. ಇಷ್ಟ್ ವರ್ಷ ನಂಬಿದ್ದೆ ಕಣ್ರೀ. ನಿನ್ನೇನೇ ಯೂನಿಫಾರ್ಮ್ ವಾಪಸ್ ಇಸ್ಕೊಂಡು ಮನೆಗೆ ಕಳಿಸ್ದೆ."

ಎಫ್‌ಐಆರ್ ದಾಖಲಾಯಿತು. ಹನ್ನೊಂದರ ಹೊತ್ತಿಗೆ ಇಬ್ಬರು ಪಂಚರ ಸಮಕ್ಷಮ ಬಂಕಿನಲ್ಲಿ ಸ್ಥಳ ಪಂಚನಾಮೆ ನಡೆಯಿತು. ಟ್ಯಾಂಕುಗಳೆಲ್ಲ ನೆಲದಡಿ. ಮೇಲೆ ಕಾಣುವುದು ಕಬ್ಬಿಣದ ಮುಚ್ಚಳಗಳು ಮಾತ್ರ, ಸಾದಾದ್ದು, ಅದರ ಮಗ್ಗುಲಲ್ಲೇ ಬ್ರಾಂಡೆಡ್‌ದು. ಟ್ಯಾಂಕರಿನ ಹೊಟ್ಟೆಯೊಳಗೂ ಹೀಗೇ ಬೇರೆ ಬೇರೆ ಕಂಪಾರ್ಟ್‌ಮೆಂಟ್. ಮಂಗಳವಾರ ಮೊದಲನೆಯದರಲ್ಲಿ ಸಾದಾ, ಎರಡನೆಯದರಲ್ಲಿ ಬ್ರಾಂಡೆಡ್ ಇತ್ತು. ಇಳಿಸುವ ಮೊದಲು ಎರಡರಿಂದಲೂ ಬಾಟಲಿಗೆ ಹಿಡಿದು ಮೊಹರು ಮಾಡಿದ್ದ ಮಾದರಿಗಳು ಕಪಾಟಿನಲ್ಲಿದ್ದವು. ಅವುಗಳ ಜೋಡಿ ಬಾಟಲಿಗಳನ್ನು ಕಂಪನಿಯವರು ಬುಧವಾರವೇ ಒಯ್ದು ಪರೀಕ್ಷಿಸಿದ್ದರು, ತಪ್ಪೇನೂ ಸಿಕ್ಕಿರಲಿಲ್ಲ. ಹಾಗಾದರೆ ಟ್ಯಾಂಕರಿನಲ್ಲಿ ಸರಿಯಾಗಿಯೇ ಬಂದ ಪೆಟ್ರೋಲು ಇಲ್ಲಿಗೆ ಬಂದ ಮೇಲೆ ಬದಲಾಗಿತ್ತು.

ಆರ್.ಟಿ. ನಗರದಿಂದ ಮಲ್ಕಾಳನ್ನು ಕರೆಸಿದರು. ಮೂವತ್ತೈದರ ಆಸುಪಾಸಿನ ಹೆಂಗಸು, ಗಂಡನಿಲ್ಲ, ತಾಯಿಯ ಜೊತೆ ಇದ್ದಾಳೆ. ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಕೊಟ್ಟಳು. ಒಂದು ಕಡೆ ಮಾತ್ರ ತಡವರಿಸಿದಳು.

"ಪೈಪ್ ಜೋಡಿಸೋವಾಗ ನೀನು ಅಲ್ಲೇ ಇದ್ಯಾ?"

ಅವಳು ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇದ್ದೆ ಮೇಡಂ."

"ನೀನೂ ಡ್ರೈವರೂ ಬಿಟ್ರೆ ಬೇರೆ ಯಾರಾದ್ರೂ?"

"ಯಾರೂ ಇಲ್ಲ."

ಟ್ಯಾಂಕರ್ ಡ್ರೈವರ್ ಪಂಚಪ್ಪ ಗದಗ ಕಡೆಯವನು, ಈಗ ಬಾಗಲಗುಂಟೆಯಲ್ಲಿ ಬಾಡಿಗೆ ಮನೆ. ಸಂಜೆ ತಾನೇ ಠಾಣೆಗೆ ಬಂದ. ಪೈಪು ಜೋಡಿಸಿದ್ದು ಮಲ್ಕಾ, ತಾನು ಆಕೆ ಹೇಳಿದಂತೆ ವಾಲ್ವ್ ತೆಗೆದೆನಷ್ಟೇ ಎಂದು ಹೇಳಿಕೆ ಕೊಟ್ಟ. ಹೇಳುವಾಗ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ.

ಈ ಎರಡು ಪೆಟ್ರೋಲಿಗೂ ಏನು ವ್ಯತ್ಯಾಸ ಎಂದು ಪದ್ಮಶ್ರೀ ಕೇಳಿದಾಗ ಅವನ ಮುಖ ಸಡಿಲವಾಯಿತು. ಅದು ಅವನಿಗೆ ಇಷ್ಟದ ವಿಷಯವೆಂದು ಕಾಣುತ್ತದೆ.

"ನಮ್ಮಂಥಾರ ಕಣ್ಣಿಗೆ ಎರಡೂ ಒಂದರಿ ಮೇಡಂ. ಡಿಪೋದಾಗ ಒಂದ ಟ್ಯಾಂಕು, ಒಂದ ಪೆಟ್ರೋಲು. ನಮ್ಮ ಗಾಡಿಗೆ ತುಂಬೋ ಹೊತ್ತಿನಾಗ ಎಂಜಿನ್ ತೊಳಿಯೋ ಔಷಧ ಒಂದೀಟು ಬೀಳತೈತಿ. ಅದು ಬಿದ್ರ ಬ್ರಾಂಡೆಡ್, ಬೀಳದಿದ್ರ ಸಾದಾ. ಗೇಟ್ ದಾಟಿದ ಮ್ಯಾಲ ಮೂಸಿ ನೋಡಿ ಇದು ಇಂಥಾದ್ದ ಅಂತ ಹೇಳಾಕ ನನ್ನ ಕೈಲೆ ಆಗಂಗಿಲ್ಲ."

"ಅಂಗಾದ್ರೆ ನಾನು ಸ್ಕೂಟಿಗೆ ಇಷ್ಟ್ ದಿನ ಹಾಕ್ಸಿದ್ದು ಬರೀ ಹೆಸರಾ?" ಎಂದರು ಗೋಪಾಲಮ್ಮ.

"ಔಷಧ ಸುಳ್ಳಲ್ರಿ ಅಕ್ಕಾರ. ವರ್ಷಾನುಗಟ್ಟಲೆ ಹಾಕಿಸಿದ್ರ ಎಂಜಿನ್ ಸ್ವಚ್ಛ ಇರತೈತಿ ಅಂತಾರ. ಒಂದ ಸಲಕ್ಕ ನಿಮ್ಮ ಸ್ಕೂಟಿಗೂ ಗೊತ್ತಾಗಂಗಿಲ್ಲ."

ಆ ಮಾತು ಪದ್ಮಶ್ರೀಯ ತಲೆಯಲ್ಲಿ ಉಳಿಯಿತು. ಬೆಲೆ ಹೆಚ್ಚಿನದನ್ನು ಮಲ್ಕಾ ಕದ್ದಿದ್ದರೆ ಅದು ಎಲ್ಲಿಗೋ ಹೋಗಿರಬೇಕು. ಕಂಪನಿಯವರು ಬುಧವಾರ ಎಲ್ಲ ಟ್ಯಾಂಕುಗಳಿಂದಲೂ ಮಾದರಿ ತೆಗೆದಿದ್ದರು. ಸಾದಾ ಟ್ಯಾಂಕಿನ ಫಲಿತಾಂಶವನ್ನು ಯಾರೂ ವಿಚಾರಿಸಿರಲಿಲ್ಲ. ಸೋಮವಾರ ಪದ್ಮಶ್ರೀಯೇ ಕಂಪನಿಗೆ ಫೋನ್ ಮಾಡಿ ಕೇಳಿದರು. ಸಾದಾ ಟ್ಯಾಂಕಿನಲ್ಲಿ ಔಷಧ ಬೆರೆತ ಪೆಟ್ರೋಲ್ ಇತ್ತು.

ಯಾರೂ ಏನನ್ನೂ ಕದ್ದಿರಲಿಲ್ಲ. ಅದರದು ಇದಕ್ಕೆ, ಇದರದು ಅದಕ್ಕೆ ಬಿದ್ದಿತ್ತು. ಇದರಿಂದ ಲಾಭ ಪಡೆದವರು ಸಾದಾ ಹಾಕಿಸಿಕೊಂಡ ಆಟೋ, ಸ್ಕೂಟರಿನವರು ಮಾತ್ರ. ಅವರಿಗೆ ಅದು ಗೊತ್ತೂ ಇಲ್ಲ. ಇದು ಕೈತಪ್ಪು. ಆದರೆ ಯಾರ ಕೈ?

ಬಂಕಿನ ಸಿಸಿಟಿವಿಗೆ ಕಾಣುವುದು ಪಂಪುಗಳು ಮತ್ತು ಶೌಚಾಲಯದ ಕಡೆಯ ದಾರಿ. ಟ್ಯಾಂಕರ್ ನಿಲ್ಲುವ ಜಾಗ ಚಿತ್ರದ ಅಂಚಿಗೆ ಸರಿದಿತ್ತು. ಅಲ್ಲಿ ಪಂಚಪ್ಪ ಬಗ್ಗಿ ಪೈಪು ಜೋಡಿಸುತ್ತಿದ್ದ, ಮತ್ತೆ ಮತ್ತೆ ತಲೆಯೆತ್ತಿ ಶೌಚಾಲಯದ ಕಡೆ ನೋಡುತ್ತಿದ್ದ. ಅದೇ ಹೊತ್ತಿಗೆ ಮಲ್ಕಾ ಕ್ಯಾಮೆರಾಕ್ಕೆ ಬೆನ್ನು ಹಾಕಿ ಆ ಕಡೆಗೇ ನಡೆದು ಹೋಗುತ್ತಿದ್ದಳು.

"ಮೇಡಂ, ನಿಲ್ಸಿ. ಅವಳ ಎಡಗೈ ನೋಡಿ," ಎಂದರು ಗೋಪಾಲಮ್ಮ.

ಮಲ್ಕಾಳ ಎಡಗೈಯಲ್ಲಿ ಒಂದು ಪುಟ್ಟ ಕೈ ಇತ್ತು. ಅವಳ ಮರೆಯಿಂದ ಎರಡು ಜಡೆ, ಕೆಂಪು ರಿಬ್ಬನ್ನು ಇಣುಕುತ್ತಿದ್ದವು.

ಎರಡನೇ ಸಲ ಕರೆಸಿದಾಗ ಮಲ್ಕಾ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿತು, ದನಿ ಮಾತ್ರ ನಡುಗಲಿಲ್ಲ. "ಡ್ರೈವರ್ ಮಗಳು. ಪಾಪು ಅರ್ಜೆಂಟ್ ಅಂತು ಮೇಡಂ. ಹೆಣ್ಣ್ ಮಗು, ಒಂದನ್ನೇ ಹೆಂಗ್ ಕಳಿಸೋದು? ಟ್ಯಾಂಕರಲ್ಲಿ ಮಕ್ಕಳನ್ನ ಕೂರ್ಸಿದ್ರೆ ಡಿಪೋ ಒಳಗೆ ಬಿಡೋ ಪಾಸೇ ಕಿತ್ಕೋತಾರೆ. ನನಗೆ ಬೇರೆ ಬಂಕ್ ಸಿಗುತ್ತೆ. ಅವರಿಗೆ ಇನ್ಯಾವ ಡಿಪೋನೂ ಸಿಗಲ್ಲ."

ಪೈಪು ಜೋಡಿಸಿದ್ದು ನೀನೇ ಎಂದು ಪಂಚಪ್ಪ ಬರೆದುಕೊಟ್ಟಿದ್ದಾನೆ ಎಂಬುದನ್ನು ಪದ್ಮಶ್ರೀ ಆಗ ತಿಳಿಸಿದರು. ಮಲ್ಕಾ ನೀರು ಕೇಳಿ ಕುಡಿದಳು. ಕಳ್ಳಿ ಅಂತ ಹೆಸರು ಬಂದ ಮೇಲೆ ಯಾವ ಬಂಕೂ ಸಿಗುವುದಿಲ್ಲ ಎಂಬುದು ಅವಳಿಗೆ ಹೊಳೆದದ್ದು ಆಗಲೇ ಇರಬೇಕು.

ಸೋಮವಾರ ಸಂಜೆ ಆರಕ್ಕೆ ಜೀಪು ಬಾಗಲಗುಂಟೆಯ ಒಂದು ಓಣಿಯಲ್ಲಿ ನಿಂತಿತು. ಮೊದಲ ಮಹಡಿಯ ಒಂದೇ ಕೋಣೆ. ಪಂಚಪ್ಪನ ಹೆಂಡತಿ ನಿಂಗವ್ವ ಹಾಸ್ಟೆಲ್ಲಿನ ಅಡುಗೆ ಕೆಲಸದಿಂದ ಆಗಷ್ಟೇ ಬಂದಿದ್ದಳು. ಎಂಟು ವರ್ಷದ ಮಗಳು ಮೋನಿಕಾ ಮಂಚದ ಮೇಲೆ ಕೂತು, ಒಳಗೆ ಬಂದ ಬೂಟುಗಳನ್ನು ನೋಡಿದಳು.

ಪದ್ಮಶ್ರೀ ಪಂಚಪ್ಪನನ್ನು ಬಾಲ್ಕನಿಗೆ ಕರೆದು ಫೋನಿನಲ್ಲಿ ಚಿತ್ರ ತೋರಿಸಿದರು. ಅವನು ಸುಳ್ಳು ಮುಂದುವರಿಸಲಿಲ್ಲ.

ಮಂಗಳವಾರ ಟೀಚರುಗಳಿಗೆ ತರಬೇತಿ ಎಂದು ಶಾಲೆಗೆ ರಜೆ. ಮಗುವನ್ನು ನೋಡಿಕೊಳ್ಳುವ ಪಕ್ಕದ ಮನೆಯಾಕೆ ಊರಿಗೆ ಹೋಗಿದ್ದಳು. ಹಾಸ್ಟೆಲ್ ಅಡುಗೆಮನೆಗೆ ಮಕ್ಕಳನ್ನು ಬಿಡುವುದಿಲ್ಲ. ಪಂಚಪ್ಪ ಡಿಪೋದ ಗೇಟಿನ ಹೊರಗೆ ಪರಿಚಯದ ಹೋಟೆಲಿನಲ್ಲಿ ಮಗಳನ್ನು ಕೂರಿಸಿ, ಲೋಡ್ ತುಂಬಿಸಿಕೊಂಡು ಬಂದು ಹತ್ತಿಸಿಕೊಂಡಿದ್ದ. ಬಂಕಿನಲ್ಲಿ ಅವಳು ಕೆಳಗಿಳಿದಾಗಿನಿಂದ ಅವನ ಜೀವ ಅವನಲ್ಲಿರಲಿಲ್ಲ. ಮಾಲೀಕರು ನೋಡಿಬಿಟ್ಟರೆ ಎಂದು ಕಣ್ಣು ಆ ಕಡೆ, ಕೈ ಪೈಪಿನ ಕಡೆ. ಮೊದಲನೇ ಕಂಪಾರ್ಟ್‌ಮೆಂಟ್ ಖಾಲಿಯಾಗಿ ಪೈಪು ಬಿಚ್ಚಿದ ಮೇಲೆಯೇ ಮುಚ್ಚಳ ಬೇರೆ ಎಂದು ಕಂಡದ್ದು. ಆಗ ಬ್ರಾಂಡೆಡ್ ಟ್ಯಾಂಕು ತುಂಬಿಹೋಗಿತ್ತು. ಎರಡನೆಯದರಲ್ಲಿದ್ದ ಬ್ರಾಂಡೆಡ್ ಅನ್ನು ಸಾದಾ ಟ್ಯಾಂಕಿಗೇ ಬಿಟ್ಟ. ಹೇಗೂ ಎರಡೂ ಒಂದೇ, ಯಾವ ಗಾಡಿಯೂ ನಿಲ್ಲುವುದಿಲ್ಲ ಎಂದುಕೊಂಡ. ಇಷ್ಟರವರೆಗೆ ಅದು ಮರೆವು. ಗೊತ್ತಾದ ಮೇಲೂ ಬಾಯಿ ಬಿಡದೆ ಅದನ್ನು ಮಾರಲು ಬಿಟ್ಟದ್ದು, ಆಮೇಲೆ ಇನ್ನೊಬ್ಬರ ಹೆಸರು ಹೇಳಿದ್ದು ಮರೆವಲ್ಲ.

"ಪಾಸ್ ಹೋದ್ರ ನಾನು ಡ್ರೈವರ್ ಅಲ್ಲರಿ ಮೇಡಂ, ಏನೂ ಅಲ್ಲ. ಅದೊಂದ ತಲ್ಯಾಗ ಇತ್ತು. ಆಕೀ ಮುಖ ತಲ್ಯಾಗ ಬರ್ಲಿಲ್ಲ."

ದಸ್ತಗಿರಿ ಪತ್ರಕ್ಕೆ ನಿಂಗವ್ವ ಸಹಿ ಹಾಕಿದಳು. ಪ್ರಕರಣದಿಂದ ಮಲ್ಕಾಳ ಹೆಸರು ಬಿಡಲು ನಾಳೆಯೇ ನ್ಯಾಯಾಲಯಕ್ಕೆ ವರದಿ ಹೋಗುತ್ತದೆ, ಅನಂತರಾಜು ಜೊತೆ ತಾನೇ ಮಾತಾಡುತ್ತೇನೆ ಎಂದು ಪದ್ಮಶ್ರೀ ಗೋಪಾಲಮ್ಮನಿಗೆ ಹೇಳಿದರು. ಪಂಚಪ್ಪನಿಗೆ ಜಾಮೀನು ಸಿಗುತ್ತದೆ. ಪಾಸಿನ ವಿಷಯ ಮಾತ್ರ ಡಿಪೋದವರ ಕೈಯಲ್ಲಿತ್ತು.

ಮೂರು ದಿನದಿಂದ ಮಗು ಊಟಕ್ಕೆ ಕೂತಾಗೆಲ್ಲ ಅಪ್ಪನ ಮುಖ ನೋಡಿ ಏನೋ ಕೇಳಲು ಹೋಗುತ್ತದೆ, ಆಮೇಲೆ ಸುಮ್ಮನಾಗುತ್ತದೆ ಎಂದು ನಿಂಗವ್ವ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಹೇಳಿದಳು. ಮಲ್ಕಾಳನ್ನು ತೆಗೆದರೆಂದು ಶುಕ್ರವಾರ ರಾತ್ರಿ ಗಂಡ ಹೇಳುವಾಗ ಮಗು ಎಚ್ಚರವಿತ್ತಂತೆ.

ಪಂಚಪ್ಪ ಚಪ್ಪಲಿ ಮೆಟ್ಟಿ, ಮಂಚದ ಮುಂದೆ ಕುಕ್ಕರಗಾಲಲ್ಲಿ ಕೂತ. ಮಗಳ ಮೊಣಕಾಲ ಮೇಲೆ ಕೈಯಿಟ್ಟ.

"ಅಂಜಬ್ಯಾಡವ್ವಾ. ಅಪ್ಪ ಯಾರದೂ ಕದ್ದಿಲ್ಲ. ಎರಡೂ ಒಂದ ಪೆಟ್ರೋಲು."

ಮೋನಿಕಾ ಆ ಕೈಯನ್ನು ಸರಿಸಲಿಲ್ಲ. ಬಾಗಿಲಲ್ಲಿ ನಿಂತ ಪದ್ಮಶ್ರೀಯನ್ನು ಒಮ್ಮೆ ನೋಡಿದಳು, ಮತ್ತೆ ಅಪ್ಪನನ್ನು ನೋಡಿದಳು.

"ಎರಡೂ ಒಂದ ಆಗಿದ್ರ, ಮಲ್ಕಾ ಆಂಟೀನ ಯಾಕ ಕೆಲಸದಿಂದ ತಗದ್ರು ಅಪ್ಪಾ?"