ಅರ್ಧ ಪೋಣಿಸಿದ ಹಕ್ಕಿ

ಭೂಮಿಗೆ ಇನ್ನೂ ಯಾರೂ ಭೂಪಟ ಬರೆಯದಿದ್ದ ಕಾಲದಲ್ಲಿ ಮಣಿನಾಡು ಎಂಬ ರಾಜ್ಯವಿತ್ತು. ಅದರ ಸುತ್ತ ನೆಲದಿಂದ ಮುಗಿಲಿನವರೆಗೆ ಒಂದು ಗೋಡೆ. ಕಲ್ಲಿನದಲ್ಲ, ಜಿಡ್ಡಿನದು. ನೀರು ಅದನ್ನು ದಾಟದು, ಬೆಂಕಿ ಅದನ್ನು ಸುಡದು. ಆ ಗೋಡೆಯೊಳಗೆ, ಮಡಿಸಿಟ್ಟ ಸೀರೆಯಂತೆ, ಮಡಿಕೆ ಮಡಿಕೆಯಾದ ಮೊಗಸಾಲೆಗಳಿದ್ದವು. ಮಣಿನಾಡಿನಿಂದ ಹೊರಗೆ ಹೋಗಬೇಕಾದದ್ದೆಲ್ಲ ಅವುಗಳ ಮೂಲಕವೇ ಹೋಗಬೇಕು. ಬೇರೆ ದಾರಿ ಇರಲಿಲ್ಲ.

ಗೋಡೆಯ ಈಚೆಗೆ ಒಂದು ಕೊಳ. ಕೊಳದ ಈ ದಡದಲ್ಲಿ ಮಣಿ ಪೋಣಿಸುವವರ ಅಂಗಳ. ಅರಮನೆಯಿಂದ ಅವರಿಗೆ ಓಲೆ ಬರುತ್ತಿತ್ತು. ಇಪ್ಪತ್ತು ಬಗೆಯ ಮಣಿಗಳಲ್ಲಿ ಯಾವುದರ ನಂತರ ಯಾವುದು ಎಂದು ಓಲೆ ಹೇಳುತ್ತಿತ್ತು. ಅದರಂತೆ ಪೋಣಿಸಿದ ಸರ ಮುಗಿದ ಕೂಡಲೇ ತಾನಾಗಿ ಸುರುಳಿಗೊಂಡು ಜೀವ ತಳೆಯುತ್ತಿತ್ತು. ಒಂದು ಓಲೆಗೆ ಎತ್ತು, ಒಂದು ಓಲೆಗೆ ಕಾವಲುನಾಯಿ, ಒಂದು ಓಲೆಗೆ ಹಕ್ಕಿ.

ಅಂಗಳದ ಮೂಲೆಯಲ್ಲಿ ಬಾನಿಯಂಥ ಹೊಟ್ಟೆಯ ಒಂದು ಮೃಗ ಮಲಗಿರುತ್ತಿತ್ತು. ಅದಕ್ಕೆ ಮುಂದೊಂದು ಬಾಯಿ, ಹಿಂದೊಂದು ಬಾಯಿ. ಕೆಲಸವಿಲ್ಲದೆ ಬಿದ್ದ ಜೀವವನ್ನು ಅದು ಮುಂದಿನ ಬಾಯಿಂದ ನುಂಗಿ, ಹಿಂದಿನ ಬಾಯಿಂದ ಬಿಡಿ ಮಣಿಗಳನ್ನು ಉದುರಿಸುತ್ತಿತ್ತು. ಕೆಲಸವಿದ್ದವರನ್ನು ಅದು ಮೂಸಿಯೂ ನೋಡುತ್ತಿರಲಿಲ್ಲ.

ಆ ಅಂಗಳದಲ್ಲಿ ನಾಗಲೆ ಎಂಬ ಯುವತಿ ಕೆಲಸ ಮಾಡುತ್ತಿದ್ದಳು. ಅವಳಿಗೆ ಗೋಡೆಯಾಚೆ ಚಂದಲೆ ಎಂಬ ಗೆಳತಿಯಿದ್ದಳು. ಒಬ್ಬರನ್ನೊಬ್ಬರು ಕಂಡವರಲ್ಲ. ಚಂದಲೆಯ ಮನೆಯ ಹಿಂಬದಿ ಗೋಡೆಗೆ ತಾಗಿತ್ತು. ಅವಳ ಊರಿನ ಹೊಳೆ ಸಕ್ಕರೆ ಹರಳುಗಳನ್ನು ಹೊತ್ತು ತರುತ್ತಿತ್ತು. ಅವಳು ಅವನ್ನು ಬೀಸುವಾಗ ಕಲ್ಲಿನ ಸದ್ದು ಈಚೆಗೆ ಕೇಳುತ್ತಿತ್ತು. ಹಾಗೆ ಗೋಡೆಗೆ ಕಿವಿಯಿಟ್ಟು, ಮಾತಾಡುತ್ತ, ಇಬ್ಬರೂ ಬೆಳೆದಿದ್ದರು.

ಒಂದು ದಿನ ಬೀಸುವ ಕಲ್ಲು ನಿಂತಿತು.

"ಚಂದಲೆ, ಇವತ್ತು ಹಾಡೂ ಇಲ್ಲ, ಕಲ್ಲೂ ಇಲ್ಲ. ಗಂಡನ ಮೇಲೆ ಮುನಿಸೇ?" ಎಂದು ನಾಗಲೆ ಕೇಳಿದಳು.

"ಮುನಿಯಲು ಶಕ್ತಿ ಬೇಕಲ್ಲ, ಅಕ್ಕ. ಊರಿನ ಪ್ರತಿ ಮನೆಗೂ ಬೀಗ ಬಿದ್ದಿದೆ. ಬಾಗಿಲ ಮುಂದೆ ಹೊಳೆಯ ತುಂಬ ಸಕ್ಕರೆ ಹರಿಯುತ್ತಿದೆ, ಒಳಗೆ ನಾವು ಹಸಿದು ಕೂತಿದ್ದೇವೆ. ಹಿಂದೆ ನಿಮ್ಮ ನಾಡಿನಿಂದ ಕದ ತೆರೆಯುವ ಹಕ್ಕಿ ಬರುತ್ತಿತ್ತಂತೆ. ಈಗೇಕೆ ಬರುವುದಿಲ್ಲ?"

"ದಿನವೂ ಕೈಲಾದಷ್ಟು ಸಲ ಗೋಡೆ ತಟ್ಟು. ನೀನಿದ್ದೀಯೆಂದು ತಿಳಿಯಲಿ. ನಾನು ಹಕ್ಕಿ ಕಳಿಸುತ್ತೇನೆ," ಎಂದಳು ನಾಗಲೆ.

ಅಂಗಳದ ಪರೀಕ್ಷಕನ ಹೆಸರು ಪೂರ್ಣಾಕ್ಷ. ತಲೆಗೆ ಬಿಗಿಯಾಗಿ ಮುಂಡಾಸು ಸುತ್ತಿದ ಮಾಂತ್ರಿಕ. ಅಂಗಳದಲ್ಲಿ ಯಾರ ಸರ ಮುಗಿದರೂ ಅವರ ಕೊರಳಿಗೆ ಬಂಗಾರದ ಗೆಜ್ಜೆ ಕಟ್ಟುತ್ತಿದ್ದ. ಗೆಜ್ಜೆಯ ಆಸೆಗೆ ಎಲ್ಲರೂ ಕೂತಲ್ಲಿಯೇ ಸರ ಮುಗಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಈಚೆಯ ಅಂಗಳದಲ್ಲಿ ಒಂದು ಹಕ್ಕಿ ಸುರುಳಿಗೊಂಡಾಗಲೆಲ್ಲ ಆಚೆಯ ಊರಿನ ಬೀಗ ಒಂದು ಸುತ್ತು ಬಿಗಿಯಾಗುತ್ತಿತ್ತು. ಅದು ಪೂರ್ಣಾಕ್ಷನೊಬ್ಬನಿಗೇ ಗೊತ್ತಿತ್ತು.

ನಾಗಲೆ ಹಕ್ಕಿಯ ಓಲೆಯನ್ನು ತೆಗೆದು ಪೋಣಿಸಲು ಕೂತಳು. ಅಂಗಳದ ರೂಢಿಯಂತೆ ಪೋಣಿಸಿದಳು, ಒಂದು ಮಣಿಯೂ ತಪ್ಪಲಿಲ್ಲ. ಮೂರನೆಯ ಜಾವಕ್ಕೆ ನೀಲಿ ಹಕ್ಕಿ ಅವಳ ಮಡಿಲಲ್ಲಿ ರೆಕ್ಕೆ ಬಿಚ್ಚಿತು. ಪೂರ್ಣಾಕ್ಷ ಗೆಜ್ಜೆ ಕಟ್ಟಿದ. ಅವಳು ಹಕ್ಕಿಯನ್ನು ಎತ್ತಿಕೊಂಡು ಈಜಿ ಗೋಡೆಗೆ ಹೋದಳು. ಗೋಡೆಯಲ್ಲಿ ಬಾಗಿಲೇನೋ ಇತ್ತು, ಆದರೆ ಸೂಜಿಗಣ್ಣಿನಷ್ಟು. ಅದಕ್ಕೂ ಒಳಗಿನಿಂದ ಒಂದು ಹರಳು ಅಡ್ಡವಾಗಿತ್ತು. ಹಕ್ಕಿ ಕೊಕ್ಕಿನಿಂದ ಕುಟ್ಟಿತು, ರೆಕ್ಕೆಯಿಂದ ಬಡಿಯಿತು, ಸೋತಿತು. ಬಾನಿಮೃಗ ಎದ್ದು ಬಂದು ಅದನ್ನು ನುಂಗಿತು. ಆ ದಿನ ಗೋಡೆಯಾಚೆ ಮೂರು ಸಲ ತಟ್ಟಿದ ಸದ್ದು.

ಓಲೆಯನ್ನು ತಪ್ಪಿಲ್ಲದೆ ಓದಿದೆನೆಂದು ನಂಬಿದವರು ಅದನ್ನು ಮತ್ತೆ ಮೊದಲಿನಿಂದ ಓದುವುದು ಅಪರೂಪ. ನಾಗಲೆ ಓದಿದಳು. ಮೊದಲ ಸಾಲಿನಲ್ಲಿ ಹೀಗಿತ್ತು: ಇಪ್ಪತ್ತು ಮೇಣದ ಮಣಿ.

"ಈ ಸಾಲನ್ನು ನಾವೇಕೆ ಪೋಣಿಸುವುದಿಲ್ಲ?" ಎಂದು ಪಕ್ಕದಲ್ಲಿದ್ದ ಬಾಚವ್ವನನ್ನು ಕೇಳಿದಳು. ಬಾಚವ್ವನ ಕೊರಳಲ್ಲಿ ನಲವತ್ತು ಗೆಜ್ಜೆಗಳಿದ್ದವು.

"ಅದು ಸಾಲೇ ಅಲ್ಲ ಕಣೇ. ಓಲೆ ಬರೆಯುವವನು ಕೊರೆಯುವ ಕಂಠದ ಮೊನೆ ಚೂಪಾಗಿದೆಯೇ ಎಂದು ನೋಡಲು ಗೀಚಿದ್ದು. ಪರೀಕ್ಷಕರೇ ಹೇಳಿದ್ದಾರೆ. ಅಂಟುಅಂಟಾದ ಆ ಮಣಿಯನ್ನು ಯಾರು ಮುಟ್ಟುತ್ತಾರೆ?"

ನಾಗಲೆ ಮುಟ್ಟಿದಳು. ಬೂದುಬಣ್ಣದ ಇಪ್ಪತ್ತು ಮೇಣದ ಮಣಿಗಳನ್ನು ಮೊದಲು ಪೋಣಿಸಿ, ನಂತರ ನೀಲಿ ಮಣಿಗೆ ಕೈಹಾಕಿದಳು.

"ನಾಗಲೆ, ನಿನ್ನ ಹಕ್ಕಿಗೆ ನೆಗಡಿಯೇ? ಮೂಗಿನ ತುದಿಯಲ್ಲಿ ಏನೋ ಜೋತಿದೆ," ಎಂದಳು ಬಾಚವ್ವ. ಅಂಗಳವೆಲ್ಲ ನಕ್ಕಿತು.

ಆಗ ಕೊಳದಂಚಿನ ಜೊಂಡಿನಲ್ಲಿ ಏನೋ ಅಲುಗಿತು. ಎಷ್ಟೋ ವರ್ಷಗಳಿಂದ ಮಲಗಿದ್ದ ಓಬಜ್ಜ ಎಂಬ ಅಂಬಿಗ ಮೇಣದ ವಾಸನೆಗೆ ಎದ್ದು ಬಂದ. ಸೊಂಟದಲ್ಲಿ ಬಾಗಿದ ಮುದುಕ. ಬಂದವನೇ ಒಂದು ಕೈಯಿಂದ ಸರದ ಮೇಣದ ತಲೆಯನ್ನೂ ಇನ್ನೊಂದು ಕೈಯಿಂದ ನಾಗಲೆಯ ಬೆರಳುಗಳನ್ನೂ ಹಿಡಿದ.

"ಕೈ ನಿಲ್ಲಿಸು ಮಗಳೇ. ದೋಣಿ ಹತ್ತು."

"ಸರದ ನಡುವೆ ಕೈ ನಿಲ್ಲಿಸಬಾರದು, ಅಜ್ಜ. ನಮ್ಮ ಅಂಗಳದ ಕಟ್ಟಳೆ. ಇನ್ನೇನು, ಮೂವತ್ತು ಮಣಿ. ದೋಣಿಯಲ್ಲೇ ಮುಗಿಸುತ್ತೇನೆ."

"ನಿನ್ನಿಷ್ಟ," ಎಂದು ಓಬಜ್ಜ ಬೆರಳು ಬಿಟ್ಟ.

ಕೊಳದ ನಡುವೆ ಸರ ಮುಗಿಯಿತು. ಹಕ್ಕಿ ಸುರುಳಿಗೊಂಡಿತು, ಮೇಣದ ತಲೆ ಅದರ ಹೊಟ್ಟೆಯೊಳಗೆ ಮರೆಯಾಯಿತು. ಗೋಡೆಯ ಬಾಗಿಲು ತೆರೆಯಲಿಲ್ಲ. ಬಾನಿಮೃಗ ನೀರಿನಲ್ಲಿ ಈಜಿ ಬಂದು ನುಂಗಿತು. ಆ ದಿನ ಗೋಡೆಯಾಚೆ ಎರಡು ಸಲ ತಟ್ಟಿದ ಸದ್ದು.

"ಅಜ್ಜ, ಮುಂಚೆಯೇ ವಿವರಿಸಿ ಹೇಳಬಾರದಿತ್ತೇ?"

"ನಿಲ್ಲಿಸು ಅಂದೆನಲ್ಲ. ಅದಕ್ಕಿಂತ ವಿವರ ಏನಿದೆ?" ಎಂದ ಓಬಜ್ಜ. ಸ್ವಲ್ಪ ಹೊತ್ತು ಹುಟ್ಟು ಹಾಕಿ, ಮತ್ತೆ ಹೇಳಿದ: "ಹಿಂದೆ ನಿಮ್ಮವರ ಕೈ ನಿಲ್ಲುತ್ತಿತ್ತು. ಮುಗಿದದ್ದು ಈ ಗೋಡೆಯನ್ನು ದಾಟುವುದಿಲ್ಲ, ಮಗಳೇ. ಮುಗಿಯದಿರುವುದಕ್ಕೆ ಮಾತ್ರ ಆ ಬಾಗಿಲು ಸಾಕಾಗುತ್ತದೆ."

ಮೂರನೆಯ ದಿನ ನಾಗಲೆ ಮತ್ತೆ ಮೇಣದ ಮಣಿಯಿಂದ ಮೊದಲು ಮಾಡಿದಳು. ಓಬಜ್ಜ ಬಂದ. ತಲೆ ಹಿಡಿದ. "ಕೈ ನಿಲ್ಲಿಸು" ಎಂದ. ನಾಗಲೆ ಕೈ ನಿಲ್ಲಿಸಿದಳು. ಅವಳ ಮಣೆ, ಮಣಿಯ ತಟ್ಟೆ, ಓಲೆ, ಅರ್ಧ ಸರ, ಅವಳು, ಎಲ್ಲವನ್ನೂ ಓಬಜ್ಜ ದೋಣಿಗೆ ಹತ್ತಿಸಿದ.

ಪೂರ್ಣಾಕ್ಷ ನೀರಿನ ಮೇಲೆ ನಡೆಯುತ್ತ ದೋಣಿಯ ಪಕ್ಕಕ್ಕೆ ಬಂದ. ಅವನು ಕೂಗಾಡಲಿಲ್ಲ, ಮೆಲ್ಲಗೆ ಮಾತಾಡಿದ.

"ಎಂಥ ಕೈ ನಿನ್ನದು, ನಾಗಲೆ. ಇಂಥ ಕೈಯಿಂದ ಅರ್ಧ ಕೆಲಸವೇ? ಮುಗಿಸಿಬಿಡು. ಅಂಗಳದ ಹಿರಿತನವನ್ನೇ ನಿನಗೆ ಕೊಡುತ್ತೇನೆ. ಒಳಗೆ ಹೋದ ಮೇಲೆ ಈ ಹಕ್ಕಿಯನ್ನು ನೀನು ನೋಡುವುದೂ ಇಲ್ಲ. ನೋಡದ ಕೆಲಸವನ್ನು ನಿನ್ನದು ಎಂದು ಯಾರಿಗೆ ಹೇಳುತ್ತೀ?"

ಅವನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಕಷ್ಟವಾದದ್ದು ಅದೇ. ಕಲಿತ ಕೈ ಸುಮ್ಮನಿರಲು ಒಪ್ಪದು. ನಾಗಲೆಯ ಬಲಗೈ ತಾನಾಗಿ ಮಣಿಯ ತಟ್ಟೆಯತ್ತ ಸರಿಯಿತು. ಅವಳು ಆ ಕೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತಳು. ಗೋಡೆಯಾಚೆಯಿಂದ ಒಂದೇ ಒಂದು ಸಲ, ಬಹಳ ಮೆತ್ತಗೆ, ತಟ್ಟಿದ ಸದ್ದು ಬಂತು.

"ಯಾರಿಗೂ ಹೇಳುವುದಿಲ್ಲ," ಎಂದಳು ನಾಗಲೆ.

ದೋಣಿಯನ್ನು ಗೋಡೆಯ ಗೂಟಕ್ಕೆ ಕಟ್ಟಿ, ಓಬಜ್ಜ ಮೇಣದ ತಲೆಯನ್ನು ಬಾಗಿಲಿಗೆ ತಾಗಿಸಿ ಕೈಬಿಟ್ಟ. ಮೇಣ ಜಿಡ್ಡನ್ನು ಗುರುತಿಸಿತು. ಅಡ್ಡವಿದ್ದ ಹರಳು ಪಕ್ಕಕ್ಕೆ ಸರಿಯಿತು. ಮೇಣದ ಮಣಿಗಳು ಬಾಗಿಲ ಪಕ್ಕದ ಜಿಡ್ಡಿನಲ್ಲಿ ಊರಿ ನಿಂತವು.

"ಮಣೆಯನ್ನು ಬಾಗಿಲಿಗೆ ಒತ್ತಿ ಕೂತುಕೋ. ಒಂದು ತೊಟ್ಟು ನೀರೂ ಒಳಗೆ ಹೋಗಬಾರದು. ಈಗ ಪೋಣಿಸು. ನನ್ನ ಕೆಲಸ ಇಷ್ಟೇ," ಎಂದು ಓಬಜ್ಜ ದೋಣಿಯನ್ನು ಅವಳಿಗೆ ಬಿಟ್ಟು, ಈಜುತ್ತ ಜೊಂಡಿನ ಕಡೆಗೆ ಹೊರಟುಹೋದ.

ನಾಗಲೆ ಪೋಣಿಸಿದಳು. ಒಂದು ಮಣಿ ಸೇರಿದರೆ ಒಂದು ಮಣಿಯಷ್ಟು ಸರ ಒಳಗೆ ಸರಿಯಿತು. ಒಳಗಿನಿಂದ ಯಾರೋ ಅದನ್ನು ಹಿಡಿದುಕೊಂಡರು. ಹಿಂದಕ್ಕೆ ಜಾರದಂತೆ ಹಿಡಿದು, ಮುಂದೆ ಬಂದಷ್ಟನ್ನು ಮತ್ತೆ ಹಿಡಿಯುತ್ತಿದ್ದರು. ಆಮೇಲೆ ಕತ್ತರಿಯ ಸದ್ದು ಕೇಳಿಸಿತು.

"ಯಾರಮ್ಮ ಒಳಗೆ? ಏನು ಕತ್ತರಿಸಿದಿರಿ?"

"ನಾವು ಮೊಗಸಾಲೆಯವರು. ಕತ್ತರಿಸಿದ್ದು ಮೇಣದ ತಲೆ," ಎಂದಿತು ಒಳಗಿನಿಂದ ಒಬ್ಬ ಹೆಂಗಸಿನ ಧ್ವನಿ.

"ಅದು ಓಲೆಯಲ್ಲಿತ್ತು. ಅದಕ್ಕಾಗಿ ಅಂಗಳವೆಲ್ಲ ನನ್ನನ್ನು ನೋಡಿ ನಕ್ಕಿತು."

"ದಾಟುವವರೆಗೆ ಅದು ಬೇಕಿತ್ತು. ದಾಟಿದ ಮೇಲೆ ಭಾರ. ನೀನು ಬಾಲದ ಕಡೆ ನೋಡಿಕೋ, ಮಡಿಸುವುದನ್ನು ನಾವು ನೋಡಿಕೊಳ್ಳುತ್ತೇವೆ. ಎಲ್ಲಿ ಬಗ್ಗಿಸಬೇಕು, ಯಾವ ಮಣಿಯನ್ನು ಯಾವ ಮಣಿಗೆ ಕಟ್ಟಬೇಕು, ನಮಗೆ ಗೊತ್ತು."

ಕೊನೆಯ ಮಣಿಯೂ ಬೆರಳಿನಿಂದ ಜಾರಿ ಒಳಗೆ ಹೋಯಿತು.

"ಒಂದು ಸಲ ನೋಡಲೇ, ಅಮ್ಮ?"

"ಸೂಜಿಗಣ್ಣಿನಲ್ಲಿ ಏನು ನೋಡುತ್ತೀ? ಬೇಕಾದರೆ ಕೇಳು."

ಹರಳು ಮತ್ತೆ ಬಾಗಿಲಿಗೆ ಅಡ್ಡವಾಯಿತು. ನಾಗಲೆ ಗೋಡೆಗೆ ಕಿವಿಯಿಟ್ಟಳು. ಮೊದಲು ಏನೂ ಇಲ್ಲ. ನಂತರ ಹಕ್ಕಿಯನ್ನು ಹೊತ್ತ ಗುಳ್ಳೆಯೊಂದು ತೇಲಿ ಹೋದ ಸದ್ದು, ಆಚೆಯ ದಡದಲ್ಲಿ ಅದು ಒಡೆದ ಸದ್ದು, ರೆಕ್ಕೆ ಬಡಿದ ಸದ್ದು. ಒಂದು ಬೀಗ ತೆರೆಯಿತು. ಹತ್ತು ತೆರೆದವು. ಊರಿನ ಬಾಗಿಲುಗಳೆಲ್ಲ ತೆರೆದವು. ಬಹಳ ಹೊತ್ತಿನ ಮೇಲೆ, ಮೊದಲು ತಡವರಿಸುತ್ತ, ಆಮೇಲೆ ಒಂದೇ ಸಮನೆ, ಬೀಸುವ ಕಲ್ಲು ತಿರುಗತೊಡಗಿತು.

ನಾಗಲೆ ದೋಣಿಯಲ್ಲಿ ಮರಳುವಷ್ಟರಲ್ಲಿ ಅಂಗಳದಲ್ಲಿ ಗೆಜ್ಜೆಗಳೆಲ್ಲ ಕೊರಳಿನಿಂದ ಕಳಚಿ ಮಣ್ಣಾದವು. ಬಿಗಿಯಲು ಬೀಗವಿಲ್ಲದೆ, ದಡಕ್ಕೆ ಮರಳಿದ ಪೂರ್ಣಾಕ್ಷನಿಗೆ ಕೆಲಸವೂ ಇಲ್ಲವಾಯಿತು. ಬಾನಿಮೃಗ ಎದ್ದು ಅವನನ್ನು ಮೂಸಿತು. ಅವನ ಮುಂಡಾಸು ಜಾರಿತು. ಹಣೆಯ ಮೇಲೆ ಇಪ್ಪತ್ತು ಮೇಣದ ಮಣಿಗಳು, ಕತ್ತರಿಸದೆ ಉಳಿದು, ಬೂದಿಯಂತೆ ಒಣಗಿದ್ದವು.

"ನಾನೂ ಹೊರಗೆ ಹೋಗಬೇಕಾದವನೇ," ಎಂದ ಪೂರ್ಣಾಕ್ಷ. "ನನ್ನನ್ನು ಪೋಣಿಸಿದವಳು ಕೈ ನಿಲ್ಲಿಸಲಿಲ್ಲ. ಇದೇ ಅಂಗಳದಲ್ಲಿ ಮುಗಿಸಿಬಿಟ್ಟಳು."

ನಲವತ್ತು ಸರ ಮುಗಿಸಿದ್ದ ಬಾಚವ್ವ ತಲೆ ತಗ್ಗಿಸಿದಳು. ಯಾರೂ ನಗಲಿಲ್ಲ. ಮೃಗ ಅವನನ್ನು ನುಂಗಿತು. ಹಿಂದಿನ ಬಾಯಿಂದ ಮಣಿಗಳು ಉದುರಿದವು. ಅವುಗಳಲ್ಲಿ ಕೆಟ್ಟ ಮಣಿ ಒಂದೂ ಇರಲಿಲ್ಲ. ನಾಗಲೆ ಅವನ್ನು ಕೊಳದಲ್ಲಿ ತೊಳೆದು, ಇಪ್ಪತ್ತು ಬಗೆಗೆ ಇಪ್ಪತ್ತು ತಟ್ಟೆಗಳಲ್ಲಿ ಹಾಕಿದಳು. ಹೊಸ ಓಲೆಯನ್ನು ಮೊದಲ ಸಾಲಿನಿಂದ ಓದಿ, ಅವೇ ಮಣಿಗಳನ್ನು ಪೋಣಿಸತೊಡಗಿದಳು. ಪಕ್ಕದಲ್ಲಿ ಬಾಚವ್ವನೂ ಮೇಣದ ಮಣಿಯನ್ನು ಕೈಗೆ ತೆಗೆದುಕೊಂಡಳು.

ಅಂದಿನಿಂದ ಓಬಜ್ಜನಿಗೆ ಮಲಗಲು ಬಿಡುವಾಗಲಿಲ್ಲ, ಆಚೆಯ ಊರಿನಲ್ಲಿ ಯಾವ ಮನೆಯೂ ಹಸಿಯಲಿಲ್ಲ, ಈಚೆಯ ಅಂಗಳದಲ್ಲಿ ಯಾರೂ ಗೆಜ್ಜೆ ಕೇಳಲಿಲ್ಲ. ನಾಗಲೆ ತಾನು ಕಳಿಸಿದ ಹಕ್ಕಿಗಳಲ್ಲಿ ಒಂದನ್ನೂ ಕಣ್ಣಾರೆ ಕಾಣಲಿಲ್ಲ.

"ಅಕ್ಕ, ನಿನ್ನ ಹಕ್ಕಿ ಹೇಗಿದೆ ಹೇಳಲೇ?" ಎಂದು ಚಂದಲೆ ಒಂದು ದಿನ ಗೋಡೆಯಾಚೆಯಿಂದ ಕೇಳಿದಳು.

"ಬೇಡ," ಎಂದಳು ನಾಗಲೆ. "ನೀನು ಬೀಸು. ನಾನು ಕೇಳುತ್ತೇನೆ."