ಬಹುಮಾನದ ಫ್ಲ್ಯಾಟಿಗೆ ಬೆಂಕಿ

೧೯೯೯ರ ನವೆಂಬರ್ ೧೮, ಗುರುವಾರ ಸಂಜೆ. ಬರ್ಮಿಂಗ್‌ಹ್ಯಾಮ್‌ನ ಕಾಲುವೆ ಬದಿಯ ಠಾಣೆಗೆ ರೇಡಿಯೋ ಕೇಂದ್ರವೊಂದರ ಮ್ಯಾನೇಜರ್ ಓಡೋಡಿ ಬಂದು ದೂರು ಕೊಟ್ಟ. ಅವರ ಸ್ಪರ್ಧೆಯಲ್ಲಿ ಗೆದ್ದ ವಧು ಟಾಮ್ಸಿನ್ ಇದ್ದ ಫ್ಲ್ಯಾಟಿಗೆ, ಬಾಗಿಲಿನ ಅಂಚೆ ಕಿಂಡಿಯಿಂದ ಯಾರೋ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ್ದರು. ಎರಡೂ ಕೈ ಸುಟ್ಟುಕೊಂಡ ಹುಡುಗಿ ಆಸ್ಪತ್ರೆಯಲ್ಲಿದ್ದಳು. ಶನಿವಾರ ಅವಳ ಮದುವೆ. ಗಂಡಿನ ಮುಖವನ್ನು ಅವಳಿನ್ನೂ ನೋಡಿರಲಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ರೇಡಿಯೋದವರು ಎರಡನ್ನೂ ಒಂದೇ ಸ್ಪರ್ಧೆಗೆ ಹಾಕಿದ್ದರು. ಮನಶ್ಶಾಸ್ತ್ರಜ್ಞರೂ ಜ್ಯೋತಿಷಿಯೂ ಕೂತು ನೂರಾರು ಅರ್ಜಿಗಳಿಂದ ಒಂದು ಗಂಡು, ಒಂದು ಹೆಣ್ಣನ್ನು ಆರಿಸುವುದು. ನೋಂದಣಿ ಕಚೇರಿಯಲ್ಲೇ ಅವರ ಮೊದಲ ಭೇಟಿ, ಅಲ್ಲೇ ಮದುವೆ, ಮೇಲೆ ಒಂದು ವರ್ಷ ಬಿಟ್ಟಿ ಫ್ಲ್ಯಾಟು.

ವಿಳಾಸ ಗುಟ್ಟಾಗಿತ್ತು ಎಂದ ಮ್ಯಾನೇಜರ್. ಎಂಥ ಗುಟ್ಟು! ನಿರೂಪಕ ದಿನಾ ಬೆಳಿಗ್ಗೆ ಕಾಲುವೆ, ಕೆಂಪು ಸೇತುವೆ, ಮೂರನೇ ಮಹಡಿ ಎಂದು ಬಣ್ಣಿಸಿದ್ದ; ಬಾಗಿಲಿಗೆ ಗುಲಾಬಿ ರಿಬ್ಬನ್ ಬೇರೆ ಕಟ್ಟಿಸಿದ್ದರು. ಶನಿವಾರದವರೆಗೆ ಫ್ಲ್ಯಾಟು ಖಾಲಿ ಎಂದೂ ಸಾರಿದ್ದ. ಪತ್ರಕರ್ತರ ಕಾಟ ತಾಳದೆ ಟಾಮ್ಸಿನ್ ಬುಧವಾರವೇ ಅಲ್ಲಿ ಬಂದು ಅಡಗಿದ್ದು ಯಾರಿಗೂ ತಿಳಿದಿರಲಿಲ್ಲ.

ಇನ್ಸ್‌ಪೆಕ್ಟರ್ ನೋರಾ ಟಿಬಿಟ್ಸ್ ಸ್ಥಳ ಮಹಜರು ಮಾಡಿಸಿದರು. ಮೆಟ್ಟಿಲ ಬಳಿ ಪೆಟ್ರೋಲ್ ಕ್ಯಾನ್ ಸಿಕ್ಕಿತು, ಬೆರಳಚ್ಚು ಸಿಗಲಿಲ್ಲ. ಕಾನ್ಸ್‌ಟೆಬಲ್ ಹಾಪ್‌ಕಿನ್ಸ್ ಬೇರೆ ದಾರಿ ಹಿಡಿದ. ಅಗ್ನಿಶಾಮಕ ದಳಕ್ಕೆ ಮೊದಲು ಫೋನ್ ಮಾಡಿದ್ದು ಅಕ್ಕಪಕ್ಕದವರಲ್ಲ, ಸೇತುವೆ ಹತ್ತಿರದ ಫೋನ್ ಬೂತಿನಿಂದ ಒಬ್ಬ ಹೆಂಗಸು. ಅಂಥ ಕರೆಗಳೆಲ್ಲ ಧ್ವನಿಮುದ್ರಣವಾಗುತ್ತವೆ. ಟೇಪಿನಲ್ಲಿ ಅವಳು ಅಳುತ್ತಿದ್ದಳು: "ಬೇಗ ಬನ್ನಿ, ಒಳಗ್ಯಾರೋ ಕಿರುಚ್ತಿದಾರೆ. ಖಾಲಿ ಅಂತ ರೇಡಿಯೋದಲ್ಲಿ ಹೇಳಿದ್ರು."

ಶುಕ್ರವಾರ ಬೆಳಿಗ್ಗೆ ವರ ಕೀತ್‌ನನ್ನು ಕರೆಸಿ ಟೇಪು ಕೇಳಿಸಿದರು.

"ಯಾರ ದನಿ?"

"ಲಿನೆಟ್."

"ನಿಂಗೇನಾಗ್ಬೇಕು?"

"ಆರು ವರ್ಷದಿಂದ ಒಂದೇ ಮನೇಲಿದ್ವಿ."

"ಅರ್ಜೀಲಿ ಒಂಟಿ ಅಂತ ಬರ್ದಿದ್ಯಲ್ಲಪ್ಪ?"

"ಮದ್ವೆ ಆಗಿರ್ಲಿಲ್ವಲ್ಲ ಮೇಡಂ."

ಈ ಜಾಣತನಕ್ಕೆ ಕಾನೂನಿನಲ್ಲಿ ಶಿಕ್ಷೆಯಿಲ್ಲ. ಟಿಬಿಟ್ಸ್‌ಗೆ ಅದೇ ಸಂಕಟ.

ಮಧ್ಯಾಹ್ನ ಪೊಲೀಸರು ಮನೆಗೆ ಹೋದಾಗ ಲಿನೆಟ್ ತಾನೇ ಬಾಗಿಲು ತೆರೆದಳು. ಹುಡುಗಿ ಬದುಕಿದ್ದಾಳೆಯೇ ಎಂದು ಮೊದಲು ಕೇಳಿ, ಆಮೇಲೆ ಕೋಟು ತೊಟ್ಟು ಹೊರಟಳು. ಠಾಣೆಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಮದುವೆಯ ಮಾತೆತ್ತಿದಾಗಲೆಲ್ಲ ಕೀತ್ ಅದು ಬರೀ ಕಾಗದ ಎಂದು ನಗುತ್ತಿದ್ದನಂತೆ. ಸ್ಪರ್ಧೆಯ ಸುದ್ದಿ ಬಂದಾಗ ಅವನನ್ನು ಪುಸಲಾಯಿಸಿ ಅರ್ಜಿ ಹಾಕಿಸಿದವಳು ಇವಳೇ, ತನ್ನದನ್ನೂ ಹಾಕಿದ್ದಳು. ಅಷ್ಟು ಓದಿದವರು ಕೂತು ಹೊಂದಿಸಿದರೆ ಅವನಿಗೆ ತನ್ನನ್ನು ಬಿಟ್ಟು ಇನ್ಯಾರು ಹೊಂದುತ್ತಾರೆ ಎಂದು ನಂಬಿದ್ದಳು. ಅವರು ಅವನನ್ನು ಆರಿಸಿದರು, ಇವಳನ್ನು ಬಿಟ್ಟರು.

"ಅವ್ನು ಹೋದ್ರೆ ಹೋಗ್ಲಿ, ಮನೆಗ್ಯಾಕಮ್ಮ ಬೆಂಕಿ ಹಚ್ದೆ?" ಎಂದರು ಟಿಬಿಟ್ಸ್.

"ಅವ್ನು ಬೇಡ ಅಂತಾನೆ ಅಂದ್ಕೊಂಡಿದ್ದೆ ಮೇಡಂ. ಆರು ವರ್ಷ ನಂಗೆ ಮದ್ವೆ ಆಗಲ್ಲ ಅಂದವ್ನು, ಮುಖಾನೇ ನೋಡ್ದೇ ಇರೋಳಿಗೆ ರೇಡಿಯೋದವ್ರ ಒಂದೇ ಫೋನಲ್ಲಿ ಹೂಂ ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ."

ಹಾಪ್‌ಕಿನ್ಸ್ ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡ.